ಹೊಳೆಬದಿಯ ಮನೆ, ಅಲ್ಲಿಗೆ ಬರುವ ಅತಿಥಿ ಮತ್ತು ವಿಮೆ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ಗಮನಕ್ಕೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ದೊಡ್ಡ ಕೆರೆಗಳು ವಿರಳ. ಇಲ್ಲಿನ ಜಲರಾಶಿಯೆಂದರೆ ಹೊಳೆಗಳೇ. ಕುಮಾರಪರ್ವತದ ತಪ್ಪಲಿನಿಂದ ಸುಬ್ರಹ್ಮಣ್ಯದ ಮೂಲಕ ಇಳಿದು ಬರುವ ಕುಮಾರಧಾರಾ ನದಿಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಬೆಟ್ಟಗಳಿಂದ ಬರುವ ಪಯಸ್ವಿನಿಯು ಸಂಪಾಜೆ, ಸುಳ್ಯಗಳನ್ನು ಹಾದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಮಳೆಗಾಲ ಮುಗಿದ ಬಳಿಕ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿದಾಗ ಇದೇ ಹೊಳೆಗಳು ಅಲ್ಲಲ್ಲಿ ಕೆರೆಯಂತೆ ನಿಲ್ಲುತ್ತವೆ. ಅಂತಹ ನಿಂತ ನೀರಿನ ಬದಿಯಲ್ಲಿ ಹಳೆಯ ತೋಟದ ಮನೆಗಳನ್ನು ದುರಸ್ತಿಗೊಳಿಸಿ, ಒಂದೆರಡು ಕೊಠಡಿಗಳನ್ನು ಅತಿಥಿಗಳಿಗೆ ನೀಡುವ ರೂಢಿಯು ಕೆಲವು ವರ್ಷಗಳಿಂದ ಬೆಳೆಯುತ್ತಿದೆ. ಹೊಳೆಯಲ್ಲಿ ಈಜು, ಸಣ್ಣ ದೋಣಿ ಅಥವಾ ಕಯಾಕ್, ದಡದಲ್ಲಿ ರಾತ್ರಿಯ ಊಟ, ಇವು ಅತಿಥಿಗಳನ್ನು ಸೆಳೆಯುವ ಸಂಗತಿಗಳು.

ಗ್ರಾಮ ಪಂಚಾಯತ್‌ಗೆ ಈ ಮನೆಗಳ ಸಂಬಂಧ ಬರುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಕಟ್ಟಡ ಪರವಾನಿಗೆ, ನಮೂನೆ 9 ಮತ್ತು 11 ಅಥವಾ ನಿರಾಕ್ಷೇಪಣಾ ಪತ್ರಕ್ಕಾಗಿ ಅರ್ಜಿ ಬಂದಾಗ ಒಮ್ಮೆ. ನೆರೆ ಬಂದಾಗ, ಬರೆ ಜರಿದಾಗ ಅಥವಾ ಅತಿಥಿಯೊಬ್ಬರು ಮುಳುಗಿದಾಗ ಮತ್ತೊಮ್ಮೆ. ಎರಡನೆಯ ಸಂದರ್ಭದಲ್ಲಿ ಕುಟುಂಬವು ಮೊದಲು ಬಂದು ನಿಲ್ಲುವುದು ವಾರ್ಡಿನ ಸದಸ್ಯರ ಮನೆಯಂಗಳದಲ್ಲಿ. ಆಗ ಕೇಳಿಬರುವ ಪ್ರಶ್ನೆ ಒಂದೇ: ಪರಿಹಾರ ಎಷ್ಟು ಸಿಗುತ್ತದೆ? ಈ ಪ್ರಶ್ನೆಗೆ ಉತ್ತರಿಸಲು ಸರಕಾರದ ಪರಿಹಾರವೆಂದರೇನು, ವಿಮೆಯೆಂದರೇನು ಎಂಬುದನ್ನು ಬೇರೆ ಬೇರೆಯಾಗಿ ತಿಳಿದಿರುವುದು ಅಗತ್ಯ.

ಸರಕಾರದ ಪರಿಹಾರದ ಮಿತಿ

ರಾಜ್ಯ ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರ ಅವಧಿಯ ಮಾನದಂಡದಂತೆ, ಬಯಲು ಪ್ರದೇಶದಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂ. ನಿಗದಿಯಾಗಿದೆ. ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ಮಾತ್ರ. ರಾಜ್ಯ ಸರಕಾರವು ಕೆಲವು ವರ್ಷಗಳಲ್ಲಿ ತನ್ನ ಪಾಲನ್ನು ಸೇರಿಸಿ ಈ ಮೊತ್ತವನ್ನು ಹೆಚ್ಚಿಸಿದ್ದುಂಟು. ಆದರೆ ಪ್ರತಿ ವರ್ಷವೂ ಹಾಗಾಗುವುದೆಂದು ನೆಚ್ಚಿಕೊಳ್ಳುವಂತಿಲ್ಲ. ಈ ಹಣವು ಸಂಕಷ್ಟದಲ್ಲಿರುವವರಿಗೆ ತತ್‌ಕ್ಷಣದ ಆಸರೆಯೇ ಹೊರತು, ನಷ್ಟವನ್ನು ಭರ್ತಿ ಮಾಡುವ ಉದ್ದೇಶದ್ದಲ್ಲ. ಹಂಚಿನ ಮಾಡು ಹಾರಿಹೋಗಿ, ಒಂದು ಕಡೆಯ ಗೋಡೆ ಬಿರುಕುಬಿಟ್ಟ ಮನೆಯನ್ನು 6,500 ರೂ.ಗಳಲ್ಲಿ ದುರಸ್ತಿ ಮಾಡಲಾಗದು ಎಂಬುದು ಸದಸ್ಯರೆಲ್ಲರಿಗೂ ತಿಳಿದ ವಿಷಯ.

ಈ ಭಾಗದ ಅಪಾಯವು ಕಾಲ್ಪನಿಕವಲ್ಲ. 1974ರ ನೆರೆಯನ್ನು ನೇತ್ರಾವತಿ ದಡದ ಹಿರಿಯರು ಇಂದಿಗೂ 'ಬೊಳ್ಳ'ದ ವರ್ಷವೆಂದೇ ಸ್ಮರಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಭೂಕುಸಿತದಿಂದ ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿ, ಸಂತ್ರಸ್ತರು ಸುಳ್ಯ ತಾಲೂಕಿನ ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆದರು. 2022ರ ಜೂನ್‌ನಲ್ಲಿ ಸಂಪಾಜೆ ಸುತ್ತಮುತ್ತ ಲಘು ಭೂಕಂಪನಗಳು ಅನುಭವಕ್ಕೆ ಬಂದವು. ಅದೇ ವರ್ಷದ ಆಗಸ್ಟ್ 1ರಂದು ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಬಾಲಕಿಯರು ಅಸುನೀಗಿದರು. ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ ಭಾಗಗಳಲ್ಲಿ ಹೊಳೆಗಳು ಉಕ್ಕಿ ಹರಿದವು.

ಬೆಳೆ ವಿಮೆಯಂತಲ್ಲ ಮನೆ ವಿಮೆ

ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ ಕೃಷಿಕರು ಈ ಮೂರು ತಾಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಅದರಲ್ಲಿ ರೈತರ ಪಾಲಿನ ಕಂತು ಶೇ. 5. ತೋಟಕ್ಕೆ ಯಾರೂ ಬಂದು ನೋಡುವುದಿಲ್ಲ. ಗ್ರಾಮ ಪಂಚಾಯತ್ ಮಟ್ಟದ ಮಳೆ ಮಾಪನದ ಅಂಕಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಕೊಳೆರೋಗ ಬಂದರೂ ಅಂಕಿ ಹೊಂದದಿದ್ದರೆ ಹಣವಿಲ್ಲ, ರೋಗ ಬಾರದಿದ್ದರೂ ಅಂಕಿ ಹೊಂದಿದರೆ ಹಣವುಂಟು. ಈ ಅನುಭವದಿಂದ ಅನೇಕರು ಮನೆ ವಿಮೆಯನ್ನೂ ಹಾಗೆಯೇ ಭಾವಿಸುತ್ತಾರೆ. ಮನೆ ವಿಮೆಯು ಇದಕ್ಕೆ ತದ್ವಿರುದ್ಧ. ಅಲ್ಲಿ ಮಳೆ ಎಷ್ಟು ಬಂತು ಎಂಬುದಲ್ಲ, ಈ ಮನೆಗೆ ಯಾವ ಕಾರಣದಿಂದ ಎಷ್ಟು ಹಾನಿಯಾಯಿತು ಎಂಬುದೇ ಮುಖ್ಯ. ಸರ್ವೇಯರ್ ಸ್ಥಳಕ್ಕೆ ಬಂದು ನೋಡುತ್ತಾರೆ, ಕಾರಣವನ್ನು ಬರೆದುಕೊಳ್ಳುತ್ತಾರೆ, ಆ ಒಂದು ಸಾಲಿನ ಮೇಲೆ ಎಲ್ಲವೂ ನಿಂತಿರುತ್ತದೆ.

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಯಾವ ಕಂಪನಿಯಿಂದ ಖರೀದಿಸಿದರೂ ಮೂಲ ಷರತ್ತುಗಳು ಒಂದೇ. ಕಂತಿನಲ್ಲಿ ಮಾತ್ರ ವ್ಯತ್ಯಾಸ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಬಂಡೆ ಕುಸಿತ, ಕಾಡ್ಗಿಚ್ಚು ಇವೆಲ್ಲ ಇದರಲ್ಲಿ ಸೇರಿವೆ. ತೋಟದ ಮರ ಮಾಡಿನ ಮೇಲೆ ಬಿದ್ದರೂ ರಕ್ಷಣೆಯಿದೆ. ಆವರಣ ಗೋಡೆ, ತಡೆಗೋಡೆ, ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಸ್ಥಾವರ, ಸೌರ ಫಲಕಗಳೂ ಕಟ್ಟಡದ ಭಾಗವೆಂದೇ ಪರಿಗಣಿತವಾಗಿವೆ.

ವಿಮಾ ಮೊತ್ತವನ್ನು ಲೆಕ್ಕ ಹಾಕುವಾಗ ಜಾಗದ ಬೆಲೆಯನ್ನು ಸೇರಿಸಬಾರದು. ಮನೆಯ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಸಾಕು. 1,000 ಚದರ ಅಡಿಯ ಮನೆಗೆ ಚದರ ಅಡಿಗೆ 2,000 ರೂ. ಎಂದಿಟ್ಟುಕೊಂಡರೆ 20 ಲಕ್ಷ ರೂ. ಆಗುತ್ತದೆ. ಮನೆಯೊಳಗಿನ ವಸ್ತುಗಳಿಗೆ ಇದರ ಶೇ. 20ರಷ್ಟು, ಅಂದರೆ 4 ಲಕ್ಷ ರೂ. ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಈ ಸ್ವಯಂ ರಕ್ಷಣೆಯ ಗರಿಷ್ಠ ಮಿತಿ 10 ಲಕ್ಷ ರೂ. ಚಿನ್ನಾಭರಣಗಳಿಗೆ ಬೇರೆಯಾಗಿ ಕೇಳಿ ಪಡೆಯಬೇಕು. ಹಳೆಯ ಪಾಲಿಸಿಗಳಲ್ಲಿ ಮನೆಯ ಮೌಲ್ಯವನ್ನು ಕಡಿಮೆ ಬರೆಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತವಿಲ್ಲ. ಇದು ಗ್ರಾಮೀಣ ಗೃಹಸ್ಥರಿಗೆ ದೊರೆತ ನಿಜವಾದ ಅನುಕೂಲ.

ಒಣಗಿಸಿ ಅಟ್ಟದಲ್ಲಿಟ್ಟ ಅಡಿಕೆಯ ವಿಷಯ ಬೇರೆ. ಬೆಲೆ ಏರುವುದನ್ನು ಕಾಯುತ್ತ ಹತ್ತು ಕ್ವಿಂಟಾಲ್ ದಾಸ್ತಾನು ಇಟ್ಟುಕೊಂಡ ಮನೆಯಲ್ಲಿ, ಕೆ.ಜಿ.ಗೆ 400 ರೂ. ಎಂದರೂ 4 ಲಕ್ಷ ರೂ.ಗಳ ಮಾಲು ಇರುತ್ತದೆ. ಮನೆಯೊಳಗಿನ ಮಿಕ್ಕೆಲ್ಲ ವಸ್ತುಗಳ ಒಟ್ಟು ಬೆಲೆಗಿಂತ ಇದೇ ಹೆಚ್ಚಿರಬಹುದು. ನೆರೆಯ ನೀರಿನಲ್ಲಿ ಅದು ನೆನೆದರೆ, ಸರ್ವೇಯರ್ ಅದನ್ನು ಗೃಹೋಪಯೋಗಿ ವಸ್ತುವೆಂದಲ್ಲ, ಮಾರಾಟದ ಸರಕೆಂದೇ ಕಾಣುವ ಸಂಭವವೇ ಹೆಚ್ಚು. ದಾಸ್ತಾನಿಗೆ ಪ್ರತ್ಯೇಕ ವಿಮೆ ಮಾಡಿಸುವುದು ಸೂಕ್ತ.

ಹೊಳೆಬದಿಯವರು ಓದಲೇಬೇಕಾದ ಹೊರತುಗಳು

ಪಾಲಿಸಿಯಲ್ಲಿ ಭೂಕುಸಿತವು ಸೇರಿದೆ ಎಂಬ ಮಾತನ್ನು ಕೇಳಿ ಸಮಾಧಾನಪಡುವ ಮೊದಲು, ಅದರ ಜತೆಗಿರುವ ಹೊರತುಗಳನ್ನು ನೋಡಬೇಕು. ನದಿ ಕೊರೆತದಿಂದಾದ ಹಾನಿಗೆ ಪರಿಹಾರವಿಲ್ಲ. ಮಣ್ಣು ತುಂಬಿಸಿ ಎತ್ತರಿಸಿದ ಜಾಗವು ಕುಗ್ಗಿ ಗೋಡೆ ಬಿರುಕುಬಿಟ್ಟರೆ ಪರಿಹಾರವಿಲ್ಲ. ಹೊಸ ಕಟ್ಟಡವು ಸಹಜವಾಗಿ ಕುಳಿತು ಬಿರುಕುಬಿಡುವುದಕ್ಕೂ ಇಲ್ಲ. ನಿರ್ಮಾಣ ಅಥವಾ ಅಗೆತದ ಕೆಲಸದಿಂದಾದ ಕುಸಿತಕ್ಕೂ, ದೋಷಪೂರಿತ ವಿನ್ಯಾಸದಿಂದಾದ ಕುಸಿತಕ್ಕೂ ಇಲ್ಲ.

ಈ ಐದೂ ಸನ್ನಿವೇಶಗಳು ನಮ್ಮ ಜಿಲ್ಲೆಯ ಹೊಳೆಬದಿಯ ಮನೆಗಳಿಗೇ ಬರೆದಂತಿವೆ. ನೀರಿನ ನೋಟ ಸಿಗಲೆಂದು ಪರಂಬೋಕಿನ ಅಂಚಿನವರೆಗೆ ಮಣ್ಣು ತುಂಬಿಸಿ ಜಗಲಿ ಕಟ್ಟುವುದು, ಹಿಂಬದಿಯ ಬರೆಯನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ವಾಹನ ನಿಲುಗಡೆಗೆ ಅಂಗಳ ಮಾಡುವುದು, ಇವು ಸಾಮಾನ್ಯ. ನೆರೆಯ ನೀರು ಮನೆಯೊಳಗೆ ನುಗ್ಗಿ ಗೋಡೆ ಕುಸಿದರೆ ಅದು ನೆರೆ. ಹೊಳೆಯು ವರ್ಷ ವರ್ಷವೂ ದಡವನ್ನು ತಿನ್ನುತ್ತ ಬಂದು ಒಂದು ದಿನ ಜಗಲಿ ನೀರಿಗೆ ಜಾರಿದರೆ ಅದು ಕೊರೆತ. ಎರಡೂ ಒಂದೇ ರಾತ್ರಿಯಲ್ಲಿ ಆಗಬಹುದು. ಆದ್ದರಿಂದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗೋಡೆಯ ಗುರುತು, ಛಾಯಾಚಿತ್ರ, ಗ್ರಾಮ ಆಡಳಿತಾಧಿಕಾರಿಯ ಮಹಜರು, ಪಂಚಾಯತ್‌ನ ಪತ್ರ ಇವುಗಳಿಗೆ ಬೆಲೆ ಬರುತ್ತದೆ. ಅಭ್ಯಾಸಬಲದಿಂದ 'ಮಳೆಯಿಂದ ಮನೆ ಹಾನಿ' ಎಂದಷ್ಟೇ ಬರೆದುಕೊಟ್ಟ ಪತ್ರದಿಂದ ಯಾರಿಗೂ ಉಪಕಾರವಿಲ್ಲ. ಯಾವ ದಿನಾಂಕ, ಎಷ್ಟು ಹೊತ್ತಿಗೆ, ಯಾವ ಹೊಳೆ, ನೀರು ಎಷ್ಟು ಅಡಿ ಏರಿತು, ಮೊದಲು ಏನು ಬಿದ್ದಿತು ಎಂಬುದನ್ನು ಕಂಡಂತೆ ಬರೆಯಬೇಕು. ಕಾಣದ್ದನ್ನು ಸೇರಿಸಬಾರದು, ಸುಳ್ಳು ವಿವರವೊಂದು ಸಿಕ್ಕಿದರೂ ಇಡೀ ಕ್ಲೇಮು ತಿರಸ್ಕೃತವಾಗುತ್ತದೆ.

ಸಿಡಿಲಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ಗಳಲ್ಲಿ ಈ ಭಾಗದಲ್ಲಿ ಸಿಡಿಲಿನ ಹಾವಳಿ ತೀವ್ರ. ಸಿಡಿಲು ಬಡಿದು ಗೋಡೆ ಸೀಳಿದರೆ, ಮಾಡಿಗೆ ಬೆಂಕಿ ಹತ್ತಿದರೆ ಪರಿಹಾರವಿದೆ. ಆದರೆ ವಿದ್ಯುತ್ ಪ್ರವಾಹದ ಏರಿಳಿತದಿಂದ ಅಥವಾ ಶಾರ್ಟ್ ಸರ್ಕ್ಯೂಟ್‌ನಿಂದ ಪಂಪು, ಇನ್ವರ್ಟರ್, ದೂರದರ್ಶನ ಸುಟ್ಟುಹೋದರೆ, ಅದಕ್ಕೆ ಸಿಡಿಲೇ ಕಾರಣವಾಗಿದ್ದರೂ, ಆ ಸುಟ್ಟ ಯಂತ್ರಕ್ಕೆ ಮಾತ್ರ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ವಸ್ತು ನಾಶವಾದರೆ ಆ ಬೇರೆ ವಸ್ತುವಿಗೆ ಇದೆ.

ಅತಿಥಿ ಬಂದ ದಿನದಿಂದ ಬದಲಾಗುವ ಲೆಕ್ಕ

ಉದಾಹರಣೆಗೆ, ಕುಮಾರಧಾರಾ ದಡದಲ್ಲಿ ಮೂರು ಎಕರೆ ಅಡಿಕೆ ತೋಟವಿರುವ ಒಂದು ಕುಟುಂಬವನ್ನು ಊಹಿಸಬಹುದು. ಮಕ್ಕಳು ಬೆಂಗಳೂರಿನಲ್ಲಿ. ಮಹಡಿಯ ಎರಡು ಕೊಠಡಿಗಳನ್ನು ವಾರಾಂತ್ಯದಲ್ಲಿ ಅತಿಥಿಗಳಿಗೆ ಕೊಡುತ್ತಾರೆ. ಹೊಳೆಯ ಬದಿಯಲ್ಲಿ ಒಂದು ಸಣ್ಣ ಕಾಟೇಜು, ಕಟ್ಟಿಹಾಕಿದ ಒಂದು ದೋಣಿ. ಐದು ವರ್ಷಗಳ ಹಿಂದೆ ಗೃಹಸಾಲ ಪಡೆದಾಗ ಬ್ಯಾಂಕಿನವರೇ ಮನೆಗೆ ವಿಮೆ ಮಾಡಿಸಿದ್ದಾರೆ. ಪಾಲಿಸಿಯ ಪ್ರತಿ ಮನೆಯಲ್ಲಿಲ್ಲ. ಈ ಕುಟುಂಬವು ತನಗೆ ವಿಮೆ ಇದೆಯೆಂದು ನಂಬಿದೆ.

ಇಲ್ಲಿ ಮೊದಲು ನೋಡಬೇಕಾದುದು ಆ ಪಾಲಿಸಿ ಇನ್ನೂ ಜೀವಂತವಿದೆಯೇ, ಮೊತ್ತವು ಸಾಲದಷ್ಟೇ ಇದೆಯೇ ಅಥವಾ ಮನೆಯ ಮೌಲ್ಯದಷ್ಟಿದೆಯೇ ಎಂಬುದನ್ನು. ಎರಡನೆಯದಾಗಿ, ಗೃಹ ರಕ್ಷಾ ಪಾಲಿಸಿಯು ವಾಸದ ಮನೆಗೆ ಸೀಮಿತ. ಕಟ್ಟಡದ ಉಪಯೋಗ ಬದಲಾದರೆ ಅಥವಾ ಬಾಡಿಗೆಗೆ ಕೊಟ್ಟರೆ ಕಂಪನಿಗೆ ತಿಳಿಸುವುದು ವಿಮೆದಾರರ ಕರ್ತವ್ಯ. ಹಣ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವುದನ್ನು ತಿಳಿಸದಿದ್ದಲ್ಲಿ, ಹಾನಿಯಾದಾಗ ಕಂಪನಿಯ ಕೈಗೆ ತಿರಸ್ಕಾರದ ಕಾರಣವನ್ನು ತಾವೇ ಕೊಟ್ಟಂತಾಗುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂ ಸ್ಟೇ ಎಂದು ನೋಂದಣಿಯಾಗಿರುವುದು ಇಲಾಖೆಯ ಮಟ್ಟಿಗೆ ಸರಿ. ಅದು ವಿಮಾ ಕಂಪನಿಗೆ ಕೊಟ್ಟ ಸೂಚನೆಯಾಗುವುದಿಲ್ಲ.

ಕಂಪನಿಗೆ ಲಿಖಿತವಾಗಿ ತಿಳಿಸಿ, ಅದರ ಒಪ್ಪಿಗೆಯನ್ನು ಪಾಲಿಸಿಯಲ್ಲಿ ಹಿಂಬರಹವಾಗಿ ಪಡೆಯುವುದು ಒಂದು ದಾರಿ. ಕಂಪನಿ ಒಪ್ಪದಿದ್ದರೆ, ಕುಟುಂಬ ವಾಸಿಸುವ ಮನೆಗೆ ಗೃಹ ರಕ್ಷಾವನ್ನು ಉಳಿಸಿಕೊಂಡು, ಕಾಟೇಜು ಹಾಗೂ ಅದರ ಸಾಮಗ್ರಿಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯನ್ನು ಪಡೆಯಬಹುದು. ಒಂದು ಸ್ಥಳದಲ್ಲಿ ಒಟ್ಟು 5 ಕೋಟಿ ರೂ. ಮೌಲ್ಯದವರೆಗಿನ ಉದ್ಯಮಗಳಿಗೆ ಇದು ಅನ್ವಯಿಸುತ್ತದೆ. ಇದರಲ್ಲಿ ಮೌಲ್ಯವನ್ನು ಶೇ. 15ಕ್ಕಿಂತ ಹೆಚ್ಚು ಕಡಿಮೆ ಬರೆಸಿದರೆ ಪರಿಹಾರದಲ್ಲಿ ಕಡಿತವುಂಟು ಎಂಬುದನ್ನು ಮರೆಯಬಾರದು. ಮುಂಗಾರಿನಲ್ಲಿ ಜಿಲ್ಲಾಡಳಿತವು ನದಿಗಿಳಿಯುವುದನ್ನು ನಿರ್ಬಂಧಿಸಿದಾಗ ಕೊಠಡಿಗಳು ಖಾಲಿ ಬೀಳುತ್ತವೆ. ಆ ವರಮಾನ ನಷ್ಟವನ್ನು ಈ ಎರಡು ಪಾಲಿಸಿಗಳೂ ತುಂಬಿಕೊಡುವುದಿಲ್ಲ.

ಮನೆಗಿಂತ ದೊಡ್ಡ ಅಪಾಯ

ಮೇಲಿನದೆಲ್ಲ ಕಟ್ಟಡದ ಮಾತಾಯಿತು. ಹೊಳೆಬದಿಯ ಹೋಂ ಸ್ಟೇ ನಡೆಸುವ ಕುಟುಂಬವನ್ನು ನಿಜಕ್ಕೂ ಮುಳುಗಿಸಬಲ್ಲದ್ದು ಬೇರೆ. 2024ರ ನವೆಂಬರ್ 17ರಂದು ಇದೇ ಜಿಲ್ಲೆಯ ಸೋಮೇಶ್ವರ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿ ಮೃತಪಟ್ಟರು. ಅದು ಗೋಡೆಗಳ ನಡುವಿನ ಕೊಳವಾಗಿತ್ತು. ಹೊಳೆಗೆ ಗೋಡೆಗಳಿಲ್ಲ, ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮೇಲೆ ನೋಡಿದರೆ ಮೊಣಕಾಲುದ್ದವೆನಿಸುವ ಕಡೆ ಎರಡಾಳು ಆಳವಿರುತ್ತದೆ, ಮರಳು ತೆಗೆದ ಗುಂಡಿಗಳ ಜಾಡು ಊರಿನವರಿಗೆ ತಿಳಿದಿರುತ್ತದೆಯೇ ಹೊರತು ಹೊರಗಿನಿಂದ ಬಂದವರಿಗಲ್ಲ. ಘಟ್ಟದಲ್ಲಿ ಸುರಿದ ಮಳೆಯ ನೀರು ಇಲ್ಲಿ ಬಿಸಿಲಿರುವಾಗಲೇ ಬಂದಿಳಿಯುವುದೂ ಉಂಟು.

ಅತಿಥಿಯ ಸಾವಿಗೆ ಮನೆಯವರ ನಿರ್ಲಕ್ಷ್ಯ ಕಾರಣವೆಂದು ಸಾಬೀತಾದರೆ, ಸಿವಿಲ್ ನ್ಯಾಯಾಲಯ ಅಥವಾ ಗ್ರಾಹಕರ ಆಯೋಗವು ಪರಿಹಾರ ನೀಡಲು ಆದೇಶಿಸಬಹುದು. ಗೃಹ ರಕ್ಷಾ ಪಾಲಿಸಿಯಲ್ಲಿ ಇದಕ್ಕೆ ಚಿಕ್ಕಾಸೂ ಇಲ್ಲ. ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲೂ ಇಲ್ಲ. ಇದಕ್ಕಿರುವುದು ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಮೂರನೆಯ ವ್ಯಕ್ತಿಗೆ ಕಾನೂನಿನಂತೆ ಕೊಡಬೇಕಾದ ಪರಿಹಾರವನ್ನೂ, ಮೊಕದ್ದಮೆಯ ಖರ್ಚನ್ನೂ ಇದು ನಿಗದಿತ ಮಿತಿಯೊಳಗೆ ಭರಿಸುತ್ತದೆ. ಮಿತಿಯು ಎರಡು ಬಗೆ: ಒಂದು ಅವಘಡಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯೊಡನೆ ಇದನ್ನು ಗೊಂದಲಗೊಳಿಸಬಾರದು. ಆ ಕಾಯ್ದೆ ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ಸಂಸ್ಥೆಗಳಿಗೆ ಸಂಬಂಧಿಸಿದ್ದು.

ಹೊಣೆಗಾರಿಕೆ ಪಾಲಿಸಿ ಕೊಳ್ಳುವಾಗ ಈಜು, ದೋಣಿ ವಿಹಾರ, ಕಯಾಕ್, ಚಾರಣ, ಶಿಬಿರಾಗ್ನಿ ಹೀಗೆ ಅತಿಥಿಗಳಿಗೆ ಒದಗಿಸುವ ಪ್ರತಿಯೊಂದು ಚಟುವಟಿಕೆಯನ್ನೂ ಪ್ರಸ್ತಾವನಾ ಅರ್ಜಿಯಲ್ಲಿ ಹೆಸರಿಸಬೇಕು. ಹೆಸರಿಸದ ಚಟುವಟಿಕೆಗೆ ರಕ್ಷಣೆಯಿಲ್ಲವೆಂದೇ ತಿಳಿಯುವುದು ಕ್ಷೇಮ. ಕಾನೂನಿನ ನಿಯಮಗಳನ್ನು ಉದ್ದೇಶಪೂರ್ವಕವಾಗಿ ಉಲ್ಲಂಘಿಸಿದ ಸಂದರ್ಭಗಳನ್ನೂ ಇಂತಹ ಪಾಲಿಸಿಗಳು ಹೊರಗಿಡುತ್ತವೆ. ಪರವಾನಿಗೆಯಿಲ್ಲದೆ ನಡೆಸುವ ಹೋಂ ಸ್ಟೇಯ ಪಾಲಿಸಿಯು ಹೆಸರಿಗಷ್ಟೇ ಉಳಿಯುತ್ತದೆ. 'ನೀರಿಗಿಳಿಯುವವರು ಸ್ವಂತ ಜವಾಬ್ದಾರಿಯಲ್ಲಿ ಇಳಿಯತಕ್ಕದ್ದು' ಎಂಬ ಫಲಕವನ್ನು ನೆಟ್ಟರೆ ಹೊಣೆ ತೀರಿತೆಂಬ ಭಾವನೆ ವ್ಯಾಪಕವಾಗಿದೆ. ಫಲಕವು ಎಚ್ಚರಿಕೆಯಾಗಬಲ್ಲದು, ಗುರಾಣಿಯಾಗದು. ಜೀವರಕ್ಷಕ ಕವಚ, ಹಗ್ಗ, ಆಳದ ಗುರುತು, ನೀರಿನ ಜಾಡು ಬಲ್ಲ ಒಬ್ಬ ಸ್ಥಳೀಯ ಈಜುಗಾರ, ಇವು ಇದ್ದವೇ ಎಂಬುದನ್ನೇ ಆಯೋಗವೂ ಕೇಳುತ್ತದೆ, ಸರ್ವೇಯರೂ ಕೇಳುತ್ತಾರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ ಪ್ರಕರಣದಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ದಾಖಲಾಗುವ ಕ್ರಿಮಿನಲ್ ಮೊಕದ್ದಮೆಯ ಶಿಕ್ಷೆಯನ್ನಂತೂ ಯಾವ ವಿಮೆಯೂ ಹೊರಲಾರದು.

ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ತಪಾಸಣೆ ಮತ್ತು ವಿಮೆ ಅಗತ್ಯ. ಹುಟ್ಟು ಹಾಕುವ ದೋಣಿ, ತೆಪ್ಪಗಳಂತಹ ಯಂತ್ರರಹಿತ ನಾವೆಗಳ ದಾಖಲಾತಿಯಲ್ಲಿ ಪಂಚಾಯತ್‌ಗಳಿಗೆ ಪಾತ್ರ ನೀಡುವ ಆಶಯವೂ ಆ ಕಾಯ್ದೆಯಲ್ಲಿದೆ. ತಮ್ಮ ವ್ಯಾಪ್ತಿಯ ಹೊಳೆಯಲ್ಲಿ ಅತಿಥಿಗಳನ್ನು ಹತ್ತಿಸುವ ದೋಣಿಗಳೆಷ್ಟು, ಅವು ಯಾರವು ಎಂಬ ಪಟ್ಟಿ ಇಂದೇ ಪಂಚಾಯತ್ ಕಚೇರಿಯಲ್ಲಿದ್ದರೆ ಅನುಕೂಲ.

ದೋಣಿ ನಡೆಸುವವರು, ಅಡುಗೆಯವರು, ತೋಟದ ಕೆಲಸದವರನ್ನು ಈ ಚರ್ಚೆಯಲ್ಲಿ ಎಲ್ಲರೂ ಮರೆಯುತ್ತಾರೆ. ಕನಿಷ್ಠಪಕ್ಷ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ. ಕಂತಿಗೆ 18ರಿಂದ 70 ವರ್ಷದವರಿಗೆ 2 ಲಕ್ಷ ರೂ. ಅಪಘಾತ ವಿಮೆ ಇದೆ. ನೀರಿನಲ್ಲಿ ಆಕಸ್ಮಿಕವಾಗಿ ಮುಳುಗಿದ ಸಾವೂ ಇದರಲ್ಲಿ ಬರುತ್ತದೆ. ಇದರ ಅವಧಿ ಜೂನ್ 1ರಿಂದ ಮೇ 31. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ 20 ರೂ. ಇಲ್ಲದೆ ನವೀಕರಣ ತಪ್ಪುತ್ತದೆ, ಜೂನ್‌ನಲ್ಲಿ ಹೊಳೆ ತುಂಬುತ್ತದೆ.

ಪಂಚಾಯತ್ ಏನು ಮಾಡಬಹುದು

ಮನೆ ವಿಮೆಯನ್ನು ಯಾವ ಕಾನೂನೂ ಮನೆಯೊಡೆಯರಿಗೆ ಕಡ್ಡಾಯಗೊಳಿಸಿಲ್ಲ. ಪಂಚಾಯತ್ ಕೂಡ ಒತ್ತಾಯಿಸುವಂತಿಲ್ಲ. ಆದರೆ ಹೋಂ ಸ್ಟೇಯ ಅರ್ಜಿ ಸಾಮಾನ್ಯ ಸಭೆಯ ಮುಂದೆ ಬಂದಾಗ ಜಲಕ್ರೀಡೆಗಳ ವಿವರವನ್ನೂ, ಹೊಣೆಗಾರಿಕೆ ಪಾಲಿಸಿ ಇದ್ದಲ್ಲಿ ಅದರ ಪ್ರತಿಯನ್ನೂ ಕೇಳಿ ಕಡತದಲ್ಲಿರಿಸಬಹುದು. ಕುಮ್ಕಿಯಲ್ಲಿ ಅಥವಾ ಪರಂಬೋಕಿನಲ್ಲಿ ಕಟ್ಟಿದ ಮನೆಗೆ ಹಕ್ಕಿನ ದಾಖಲೆಯಿಲ್ಲದೆ ವಿಮೆ ಮಾಡಿಸಿದವರಿಗೆ, ಕ್ಲೇಮಿನ ಹಂತದಲ್ಲಿ ತೊಡಕಾಗಬಹುದೆಂದು ಮೊದಲೇ ತಿಳಿಸುವುದು ಒಳ್ಳೆಯದು. 94ಸಿ ಹಕ್ಕುಪತ್ರ ದೊರೆತವರು ಅದನ್ನು ಇ-ಸ್ವತ್ತಿನಲ್ಲಿ ದಾಖಲಿಸಿಕೊಂಡು, ಅದೇ ಹೆಸರಿನಲ್ಲಿ ಪಾಲಿಸಿ ಪಡೆಯಬೇಕು. ತಂದೆಯ ಹೆಸರಿನಲ್ಲಿ ಮನೆ, ಮಗನ ಹೆಸರಿನಲ್ಲಿ ಪಾಲಿಸಿ ಇರುವುದು ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ತೊಡಕು.

ಹಾನಿಯಾದ ಬಳಿಕ ಕಂಪನಿಗೆ ಕೂಡಲೇ ತಿಳಿಸಬೇಕು. ಸರ್ವೇಯರ್ ನೋಡುವ ಮುನ್ನ ಅವಶೇಷಗಳನ್ನು ತೆರವುಗೊಳಿಸಬಾರದು. ಜೀವಾಪಾಯವಿದ್ದು ತೆರವು ಅನಿವಾರ್ಯವಾದರೆ, ಮೊದಲು ಎಲ್ಲ ಬದಿಯಿಂದ ಛಾಯಾಚಿತ್ರ ತೆಗೆದಿರಿಸಬೇಕು. ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 155255.

ಕೊನೆಯದಾಗಿ ಪಂಚಾಯತ್‌ನ ಸ್ವಂತ ಹೊಣೆಯ ವಿಷಯ. ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಪಂಚಾಯತ್ ಅಥವಾ ಅದರ ಆಶ್ರಯದ ಸಮಿತಿಯೊಂದು ಹೊಳೆ ಉತ್ಸವ, ಈಜು ಸ್ಪರ್ಧೆ, ದೋಣಿ ವಿಹಾರ ಏರ್ಪಡಿಸುವುದಾದರೆ, ಖಾಸಗಿ ಹೋಂ ಸ್ಟೇಗೆ ಹೇಳಿದ ಹೊಣೆಗಾರಿಕೆಯ ಪ್ರಶ್ನೆಗಳೆಲ್ಲ ಪಂಚಾಯತ್‌ಗೂ ಎದುರಾಗುತ್ತವೆ. ಒಂದೆರಡು ದಿನಗಳ ಕಾರ್ಯಕ್ರಮಕ್ಕೂ ಆ ಅವಧಿಗೆ ಮಾತ್ರ ಹೊಣೆಗಾರಿಕೆ ವಿಮೆ ದೊರೆಯುತ್ತದೆ. ಅದರ ಕಂತನ್ನು ಕಾರ್ಯಕ್ರಮದ ಅಂದಾಜು ಪಟ್ಟಿಯಲ್ಲಿ ಶಾಮಿಯಾನ, ಧ್ವನಿವರ್ಧಕಗಳ ಸಾಲಿನಲ್ಲಿಯೇ ಸೇರಿಸಿ ಸಭೆಯ ಮಂಜೂರಾತಿ ಪಡೆಯುವುದು, ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಮೂಲಕ ಕಾರ್ಯಕ್ರಮಕ್ಕೆ ಮೊದಲೇ ಪಾಲಿಸಿಯ ಪ್ರತಿಯನ್ನು ಕಡತಕ್ಕೆ ತರಿಸಿಕೊಳ್ಳುವುದು ಸೂಕ್ತ.